ಮೂರನೆಯ ದಿನ ಬರುವವಳು

ನಮ್ಮ ಬೀದಿಯಲ್ಲಿ ಯಾರಾದರೂ ಸತ್ತರೆ ಮೂರನೆಯ ದಿನ ನಮ್ಮತ್ತೆ ಆ ಮನೆಗೆ ಹೋಗುತ್ತಾಳೆ. ಅಪ್ಪನ ಅಕ್ಕ, ನನ್ನ ಸೋದರತ್ತೆ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಒಳಗೆ ಒಂದು ಮೂಲೆ ನೋಡಿಕೊಂಡು ನೆಲದ ಮೇಲೆ ಕೂತು, ಮೊದಲು ಅಳುತ್ತಾಳೆ. ಅದು ನಾಟಕವಲ್ಲ. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿ ದುಡಿದವಳು, ಸಾವು ನೋಡಿ ನೋಡಿ ಕಲ್ಲಾಗಿರಬೇಕಿತ್ತು, ಆಗಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಮನೆಯವರಲ್ಲಿ ಯಾರ ಮುಖ ಸ್ವಲ್ಪ ಮೆತ್ತಗಿದೆಯೋ ಅವರ ಕೈ ಹಿಡಿದು ಕೇಳುತ್ತಾಳೆ: “ಮಾತ್ರೆ ಏನಾದ್ರೂ ಉಳಿದಿದ್ಯಾ?”

ಮೂರನೆಯ ದಿನವೇ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

“ಮೊದಲ್ನೇ ದಿನ ಅವ್ರಿಗೆ ಕಣ್ಣೇ ಕಾಣಲ್ಲ. ವಾರ ಬಿಟ್ಟು ಹೋದ್ರೆ ಎಲ್ಲಾನೂ ಕಸಕ್ಕೆ ಹಾಕಿರ್ತಾರೆ,” ಎಂದಳು. “ಮೂರನೇ ದಿನ ಮನುಷ್ಯರಿಗೆ ಸ್ವಲ್ಪ ಬುದ್ಧಿ ಬಂದಿರುತ್ತೆ, ಒಳ್ಳೇತನ ಇನ್ನೂ ಹೋಗಿರಲ್ಲ.”

ಬೀದಿಯವರು ಅವಳಿಗೆ ‘ಹದ್ದು’ ಎಂದು ಹೆಸರಿಟ್ಟಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. “ಹದ್ದಂದ್ರೆ ಹದ್ದೇ. ಸದ್ಯ, ಗೂಬೆ ಅಂದಿಲ್ವಲ್ಲ,” ಎಂದು ನಗುತ್ತಿದ್ದಳು. ನಗು ಬರದೆ ಇದ್ದದ್ದು ನನಗೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಮದುವೆ ಆಗಿಲ್ಲ, ಅದರ ಕಥೆ ಇಲ್ಲಿ ಬೇಡ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಈ ಅತ್ತೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರೂ ದಿನಕ್ಕೆ ನಾಲ್ಕು ಸಲ ಜಗಳವಾಡುತ್ತಾ ಇಪ್ಪತ್ತಾರು ವರ್ಷ ಕಳೆದಿದ್ದೇವೆ.

ಈ ಕೆಲಸ ಅವಳು ಹಿಡಿದದ್ದು ಪೇಟೆ ಕುಸಿದ ವರ್ಷ. ಯಾಕೆ ಕುಸಿಯಿತು ಎಂದು ಪೇಪರಿನವರು ದಿನಕ್ಕೊಂದು ಕಾರಣ ಬರೆದರು. ನಮಗೆ ತಿಳಿದದ್ದಿಷ್ಟು: ಬಟ್ಟೆ ಕಾರ್ಖಾನೆ ಬಾಗಿಲು ಹಾಕಿತು, ದಿನಕ್ಕೆ ಎಂಟು ಗಂಟೆ ಕರೆಂಟು ಹೋಗತೊಡಗಿತು, ಸಂಬಳ ಅಷ್ಟೇ ಇದ್ದರೂ ಅದು ತರುವ ಸಾಮಾನು ಅರ್ಧವಾಯಿತು. ಔಷಧಿಯ ಕಚ್ಚಾ ಮಾಲು ಹೊರಗಿನಿಂದ ಬರಬೇಕಂತೆ, ಅದಕ್ಕೆ ಕೊಡಲು ಸರ್ಕಾರದ ಹತ್ತಿರ ಹಣವಿಲ್ಲವಂತೆ. ಮೆಡಿಕಲ್ ಸ್ಟೋರಿನವನು ಬೆಲೆಯ ಚೀಟಿಯ ಮೇಲೆ ಚೀಟಿ ಅಂಟಿಸಿ ಅಂಟಿಸಿ ಡಬ್ಬಿಗಳಿಗೆ ಬೊಜ್ಜು ಬಂದಿತ್ತು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕತ್ತರಿಗೆ ದಾರ ಕಟ್ಟಿ ನೇತುಹಾಕಿದ್ದ, ಯಾಕೆಂದರೆ ಇಡೀ ಸ್ಟ್ರಿಪ್ ಕೊಳ್ಳುವವರೇ ಇರಲಿಲ್ಲ. ಮೂರು ಮಾತ್ರೆ ಕೊಡಿ, ಎರಡು ಕೊಡಿ ಎನ್ನುವವರೇ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರು, ಹೃದಯದ ಮಾತ್ರೆಯನ್ನು ಚಾಕುವಿನಲ್ಲಿ ಅರ್ಧ ಮಾಡುವವರು, ಮನೆಯವರಿಗೆ “ನುಂಗಿದೆ” ಎಂದು ಸುಳ್ಳು ಹೇಳಿ ಹಣ ಉಳಿಸುವವರು. ಅಂಥವರ ಮನೆ ಯಾವುದು ಎಂದು ಅತ್ತೆಗೆ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಕಾಲು ಬಾತಿದೆ, ತುಟಿ ನೀಲಿಯಾಗಿದೆ, ಮಾತು ತೊದಲುತ್ತಿದೆ. ವಾರ್ಡಿನ ಕಣ್ಣು ನಿವೃತ್ತಿಯಾದರೂ ಹೋಗುವುದಿಲ್ಲ.

ಹೀಗೆ ಸತ್ತವರ ಮನೆಯ ಮಾತ್ರೆ ಬದುಕಿದ್ದವರ ಮನೆಗೆ ಹೋಗತೊಡಗಿತು. ಅದಕ್ಕೆ ಅವಳದೇ ಕಟ್ಟುನಿಟ್ಟು ಇತ್ತು. ಸ್ಟ್ರಿಪ್ಪಿನಲ್ಲಿ ಹೆಸರೂ ತಾರೀಖೂ ಇರುವ ಮೂಲೆ ಕತ್ತರಿಸಿ ಹೋಗಿದ್ದರೆ ಅದು ಎಷ್ಟೇ ದುಬಾರಿ ಮಾತ್ರೆಯಾದರೂ ಮುಟ್ಟುತ್ತಿರಲಿಲ್ಲ. ಅವಳಿಗೆ ದೊಡ್ಡಕ್ಷರ ಮಾತ್ರ ಓದಲು ಬರುತ್ತಿತ್ತು. ಸಣ್ಣಕ್ಷರದ ತಾರೀಖು ಓದುವ ಕೆಲಸ ನನ್ನದು. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆಯುವ ಮೊದಲೇ ಕನ್ನಡಕ ಹಾಕಿಕೊಂಡು ಕೂರಬೇಕು. ಸರ್ಕಾರಿ ಚಿಕಿತ್ಸಾಲಯದ ಡಾಕ್ಟರಮ್ಮನ ಚೀಟಿ ತೋರಿಸದ ಹೊರತು ಯಾರಿಗೂ ಒಂದು ಮಾತ್ರೆಯನ್ನೂ ಕೊಡುತ್ತಿರಲಿಲ್ಲ. “ನಾನು ಡಾಕ್ಟ್ರಲ್ಲ, ಆಯಾ,” ಎಂದು ಬಂದವರಿಗೆಲ್ಲ ಗದರುತ್ತಿದ್ದಳು.

ಎಲ್ಲಕ್ಕಿಂತ ಕಷ್ಟದ್ದು ಇನ್ಸುಲಿನ್. ಮಾತ್ರೆಯಾದರೆ ಡಬ್ಬಿಯಲ್ಲಿ ಬಿದ್ದಿರುತ್ತದೆ, ಇದು ಹಾಗಲ್ಲ. ಬಿಸಿಲು ತಾಗಿದರೆ ಕೆಡುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ, ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ತಿಳಿನೀರು. ನೋಡಿ ಹೇಳಲು ಸಾಧ್ಯವಿಲ್ಲ, ಕೇಳಿಯೇ ತಿಳಿಯಬೇಕು. ಅದಕ್ಕೆ ಅತ್ತೆ ಇನ್ಸುಲಿನ್ ಸಿಕ್ಕ ಮನೆಯಲ್ಲಿ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳುತ್ತಿದ್ದಳು, ಪೊಲೀಸರ ಹಾಗೆ. ಎಲ್ಲಿಟ್ಟಿದ್ದಿರಿ, ಐಸ್ ಡಬ್ಬಿಯೊಳಗೆ ಹೋಗಿತ್ತಾ, ಎಷ್ಟು ಹೊತ್ತು ಹೊರಗಿತ್ತು. ಮೂವರ ಉತ್ತರವೂ ಒಂದೇ ಆದರೆ ಮಾತ್ರ ಮನೆಗೆ ತರುತ್ತಿದ್ದಳು. ನಮ್ಮಲ್ಲಿ ಫ್ರಿಜ್ ಇತ್ತು, ಕರೆಂಟು ಇರಲಿಲ್ಲ. ಹಾಗಾಗಿ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಬಾಟಲಿ ಇಟ್ಟು, ಬಾಯಿಗೆ ಒದ್ದೆ ಬಟ್ಟೆ ಹೊದಿಸಿಡುತ್ತಿದ್ದಳು.

ಆ ಮಡಕೆಯಲ್ಲಿದ್ದದ್ದು ಹೆಚ್ಚು ಕಡಿಮೆ ಒಬ್ಬಳಿಗಾಗಿಯೇ. ಹಿಂದಿನ ಓಣಿಯಲ್ಲಿ ಕಾಜಾದವಳು ಎಂದು ಕರೆಯುವ ಹೆಂಗಸೊಬ್ಬಳಿದ್ದಳು. ಟೈಲರುಗಳಿಗೆ ಅಂಗಿಯ ಕಾಜಾ ಹಾಕಿಕೊಡುವುದು, ಗುಂಡಿ ಹೊಲಿಯುವುದು ಅವಳ ಕೆಲಸ. ಗಂಡ ಇಲ್ಲ. ಹದಿನೆಂಟು ವರ್ಷದ ಮಗಳು ಒಬ್ಬಳು. ಒಂಬತ್ತನೇ ವಯಸ್ಸಿನಿಂದ ದಿನಕ್ಕೆರಡು ಸಲ ಸೂಜಿ ಚುಚ್ಚಿಕೊಂಡು ಬೆಳೆದವಳು. ಉಳಿದ ರೋಗಿಗಳು ಔಷಧಿ ಎರಡು ದಿನ ತಪ್ಪಿದರೆ ಸುಸ್ತಾಗುತ್ತಾರೆ, ವಾರ ತಪ್ಪಿದರೆ ಮಲಗುತ್ತಾರೆ. ಇವಳು ಎರಡು ದಿನ ತಪ್ಪಿದರೆ ಸಾಯುತ್ತಾಳೆ. ಒಂದು ಬಾಟಲಿ ಅವಳಿಗೆ ಹನ್ನೊಂದು ದಿನ ಬರುತ್ತಿತ್ತು. ಆ ವರ್ಷ ಹೊಸ ಬಟ್ಟೆ ಹೊಲಿಸುವವರೇ ಇಲ್ಲ, ಕಾಜಾ ಹಾಕಿಸುವವರು ಎಲ್ಲಿಂದ ಬರಬೇಕು. ತಾಯಿ ಹನ್ನೊಂದು ದಿನ ಕೂತು ಕಾಜಾ ಹಾಕಿದರೂ ಒಂದು ಬಾಟಲಿ ಬರುತ್ತಿರಲಿಲ್ಲ.

ಹುಡುಗಿ ಮಾತ್ರ ಭಾರೀ ತುಂಟಿ. ವಾರಕ್ಕೊಮ್ಮೆ ನಮ್ಮ ಬಾಗಿಲಿಗೆ ಬಂದು ಇಣುಕಿ, “ಏನಜ್ಜಿ, ಈ ವಾರ ಯಾರೂ ಸಾಯ್ಲಿಲ್ವಾ?” ಎಂದು ಕೇಳುತ್ತಿದ್ದಳು.

“ನಿನ್ನ ನಾಲಿಗೆಗೆ ಬೆಂಕಿ ಹಾಕ,” ಎಂದು ಅತ್ತೆ ಬಯ್ಯುತ್ತಿದ್ದಳು.

“ಬೈಬೇಡಿ ಅಜ್ಜಿ. ನಾನೇನು ಸಾಯ್ಲಿ ಅಂದ್ನಾ? ಸಾಯೋದಾದ್ರೆ ಸಕ್ಕರೆ ಕಾಯಿಲೆಯವ್ರು ಸಾಯ್ಲಿ ಅಂದೆ, ಅಷ್ಟೇ.”

ಅತ್ತೆ ನಗು ತಡೆಯಲಾರದೆ ಗೋಡೆ ಕಡೆ ತಿರುಗುತ್ತಿದ್ದಳು. ನನಗೂ ಆ ಹುಡುಗಿಯೆಂದರೆ ಇಷ್ಟ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಹೆಡ್‌ಮಿಸ್ಸಿನ ಅತ್ತೆ, ಅವರ ಗಂಡನ ತಾಯಿ, ತೀರಿಕೊಂಡರು. ದೊಡ್ಡ ವಯಸ್ಸು, ವರ್ಷಗಟ್ಟಲೆ ಸಕ್ಕರೆ ಕಾಯಿಲೆ. ಅದೇ ತಿಂಗಳು ಶಾಲೆಯ ಆಫೀಸಿನಲ್ಲಿ ನಾಲ್ವರ ಪೈಕಿ ಇಬ್ಬರನ್ನು ತೆಗೆಯುತ್ತಾರೆ ಎಂಬ ಮಾತು ಹಬ್ಬಿತ್ತು. ಯಾರನ್ನು ಎಂದು ತೀರ್ಮಾನಿಸುವವರು ಹೆಡ್‌ಮಿಸ್ಸು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡುತ್ತಿದ್ದೆವು. ಆ ಮನೆಗೆ ಮೂರನೆಯ ದಿನ ನಮ್ಮತ್ತೆ ಹೋಗಿ, ಶಾಲೆಯ ಆಡಳಿತ ಮಂಡಳಿಯವರೆಲ್ಲ ಕೂತಿರುವಾಗ ನೆಲದ ಮೇಲೆ ಕೂತು ಅತ್ತು, ಮಾತ್ರೆ ಉಳಿದಿದೆಯಾ ಎಂದು ಕೇಳುವುದನ್ನು ನೆನೆದೇ ನನಗೆ ಬೆವರಿಳಿಯಿತು.

“ಅತ್ತೆ, ಆ ಮನೆಗೆ ನೀನು ಹೋಗ್ಬೇಡ,” ಎಂದೆ.

“ಯಾಕೆ? ಆಯಮ್ಮ ಸೂಜಿ ತಗೋತಿದ್ರು ಅಂತ ನೀನೇ ಹೇಳಿದ್ದೆ.”

“ಹೇಳಿದ್ದೆ. ಈಗ ಹೋಗ್ಬೇಡ ಅಂತಾನೂ ಹೇಳ್ತಿದೀನಿ.”

“ಆ ಹುಡುಗಿ ಹತ್ರ ಇನ್ನು ನಾಲ್ಕು ದಿನಕ್ಕಾಗೋಷ್ಟಿದೆ ಕಣೇ. ಮಡಕೆ ಖಾಲಿ.”

“ನಿನ್ನ ದೆಸೆಯಿಂದ ನನ್ನ ಕೆಲಸ ಹೋಗುತ್ತೆ. ಸತ್ತೋರ ಮನೆ ಬಾಗಿಲಲ್ಲಿ ಭಿಕ್ಷೆ ಎತ್ತೋಳ ಮನೆಯವಳು ಅಂತ ಅನ್ನಿಸ್ಕೊಂಡು ನಾನು ಆ ಆಫೀಸಲ್ಲಿ ಕೂರೋಕಾಗಲ್ಲ. ಬೀದಿಯವ್ರು ಹದ್ದು ಅನ್ನೋದು ಸಾಲ್ದಾ ನಿಂಗೆ?”

ಹದ್ದು ಎಂಬ ಮಾತು ಮನೆಯೊಳಗೆ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಮಡಕೆಯ ಮೇಲಿನ ಬಟ್ಟೆಯನ್ನು ತೆಗೆದು, ಹಿಂಡಿ, ಮತ್ತೆ ಒದ್ದೆ ಮಾಡಿ ಹೊದಿಸಿದಳು. ಖಾಲಿ ಮಡಕೆಗೆ. ಆಮೇಲೆ, “ಹಾಗಾದ್ರೆ ನೀನೇ ತಗೊಂಡು ಬಾ,” ಎಂದಳು. “ನೀನು ಹೇಗಿದ್ರೂ ಹೋಗ್ಲೇಬೇಕಲ್ಲ. ಮೂರು ಜನರ ಹತ್ರ ಕೇಳು. ಒಬ್ರನ್ನ ಕೇಳಿ ಬರ್ಬೇಡ. ಮೂರು ಜನ.”

“ಗೊತ್ತು,” ಎಂದೆ.

ಆಫೀಸಿನ ನಾಲ್ವರೂ ಒಟ್ಟಿಗೇ ಹೋದೆವು. ದೊಡ್ಡ ಹಜಾರ, ಕಾಲಿಗೆ ಮೆತ್ತಗಾಗುವ ಜಮಖಾನೆ, ಗೋಡೆಗೆ ಒರಗಿಸಿಟ್ಟ ಮಡಿಸುವ ಕುರ್ಚಿಗಳು. ಆಡಳಿತ ಮಂಡಳಿಯ ಕಾರ್ಯದರ್ಶಿ ಕಿಟಕಿಯ ಪಕ್ಕ ಕೂತು ಯಾರೊಂದಿಗೋ ಶಾಲೆಯ ಖರ್ಚಿನ ಮಾತೇ ಆಡುತ್ತಿದ್ದರು. ನಾನು ಹೆಡ್‌ಮಿಸ್ಸಿಗೆ ಕೈಮುಗಿದು, ಹೇಳಬೇಕಾದ ಎರಡು ಮಾತು ಹೇಳಿ, ಅಲ್ಲೇ ನಿಂತೆ. ಕೊನೆಗೆ ಅವರೇ ದನಿ ತಗ್ಗಿಸಿ ಹೇಳಿದರು: “ನಿಮ್ಮತ್ತೆ ವಿಷಯ ನನಗೆ ಗೊತ್ತಮ್ಮ. ಅಡುಗೆಯವ್ರ ಹತ್ರ ತೆಗೆದಿಡೋಕೆ ಹೇಳಿದೀನಿ. ಹೋಗುವಾಗ ಇಸ್ಕೊಂಡು ಹೋಗಿ.”

ಅವರಿಗೆ ಗೊತ್ತಿತ್ತು. ನಾಚಿಕೆಪಡಬೇಕಾದ್ದು ಏನೂ ಇರಲಿಲ್ಲ. ಆದರೆ ಆ ಕ್ಷಣ ನನಗೆ ಸಮಾಧಾನ ಆಗುವ ಬದಲು ಕಿವಿ ಬಿಸಿಯಾಯಿತು. ಇಷ್ಟು ದಿನ ಇವರು ನನ್ನನ್ನು ನೋಡುವಾಗಲೆಲ್ಲ ಹದ್ದನ್ನು ನೆನೆಯುತ್ತಿದ್ದರು ಎನಿಸಿತು.

ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವಳು ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟಳು. ಒಳಗೆ ಮೂರು ಬಾಟಲಿ. ತಣ್ಣಗಿದ್ದವು, ಹೊರಗೆಲ್ಲ ಒದ್ದೆ. ಒಂದರ ಲೇಬಲ್ಲಿನ ಮೂಲೆ ನೆನೆದು ಮೇಲೆದ್ದಿತ್ತು. ನಾನು ಅದನ್ನು ಕಂಡೆ. ಬೆರಳಿನಿಂದ ಒತ್ತಿ ಅಂಟಿಸಿದ್ದೂ ನೆನಪಿದೆ.

“ನಾನೇ ಜೋಪಾನವಾಗಿ ಇಟ್ಟಿದ್ದೆ ಅಮ್ಮಾ. ಕರೆಂಟು ಹೋಗ್ತಾನೇ ಇರುತ್ತಲ್ಲ, ಅದಕ್ಕೆ...” ಎಂದು ಅವಳು ಶುರು ಮಾಡಿದಳು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಹೆಜ್ಜೆ ಸದ್ದು. ಕಾರ್ಯದರ್ಶಿ ಕುಡಿಯುವ ನೀರಿಗೆ ಬರುತ್ತಿದ್ದರು. ನಾನು ಪೊಟ್ಟಣವನ್ನು ಚೀಲದೊಳಗೆ ತುರುಕಿ, “ಸರಿ ಸರಿ, ಬರ್ತೀನಿ,” ಎಂದು ಹೊರಗೆ ಬಂದುಬಿಟ್ಟೆ. ಅವಳಾಗಿಯೇ ಹೇಳಿಬಿಡುತ್ತಿದ್ದಳು. ಕೇಳುವ ಕೆಲಸವೂ ಇರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಳು. “ಕೇಳಿದ್ಯಾ?”

“ಹೂಂ. ಫ್ರಿಜ್ಜಲ್ಲೇ ಇತ್ತಂತೆ.”

“ಮೂರು ಜನ?”

“ಮೂರು ಜನಾನೂ ಕೇಳಿದೆ ಅತ್ತೆ. ಸಾಕಾ? ಬರೆಸ್ಕೊಂಡು ಬರ್ಬೇಕಿತ್ತಾ?”

ಸುಳ್ಳು ಹೇಳುವವರು ಸಿಡುಕುತ್ತಾರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ನಾನು ಸತ್ಯ ಹೇಳುವಾಗಲೂ ಸಿಡುಕುವವಳು, ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಮೂರೂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಿಳಿನೀರು. ತಾರೀಖು ಓದಿಸಿದಳು, ಇನ್ನೂ ಏಳು ತಿಂಗಳಿತ್ತು. “ಮೂವತ್ತಮೂರು ದಿನ,” ಎಂದಳು, ಮಗುವಿನ ವಯಸ್ಸು ಹೇಳುವ ಹಾಗೆ. ಆ ಸಂಜೆ ತಾನೇ ಟೀ ಮಾಡಿ ನನಗೆ ಕೊಟ್ಟಳು. ನಮ್ಮಿಬ್ಬರ ನಡುವೆ ಅದೇ ಹೊಗಳಿಕೆ.

ಹುಡುಗಿ ತನ್ನ ಹಳೆಯ ಬಾಟಲಿ ಮುಗಿದ ದಿನ ಬಂದು ಒಂದನ್ನು ತೆಗೆದುಕೊಂಡು ಹೋದಳು. ಅವರ ಮನೆಯಲ್ಲಿ ತಣ್ಣಗಿಡುವ ಅನುಕೂಲ ಇಲ್ಲದ್ದರಿಂದ ಅತ್ತೆ ಒಂದು ಸಲಕ್ಕೆ ಒಂದೇ ಕೊಡುತ್ತಿದ್ದಳು. ಉಳಿದೆರಡು ಮಡಕೆಯಲ್ಲಿ ಉಳಿದವು.

ಎರಡನೆಯ ದಿನ ಹುಡುಗಿಗೆ ವಿಪರೀತ ದಾಹ. ಮೂರನೆಯ ದಿನ ವಾಂತಿ. ಅವರಮ್ಮ ಜ್ವರ ಬಂದಿರಬೇಕು ಅಂದುಕೊಂಡಳು. ಹಿಂದೊಮ್ಮೆ ಜ್ವರ ಬಂದಾಗ ಡಾಕ್ಟರು ಸೂಜಿ ಸ್ವಲ್ಪ ಹೆಚ್ಚಿಸಲು ಹೇಳಿದ್ದರು. ಅದೇ ಬಾಟಲಿಯಿಂದ ಹೆಚ್ಚಿಗೆ ಚುಚ್ಚಿದಳು. ಸಂಜೆ ಮತ್ತೆ ಚುಚ್ಚಿದಳು. ನಾಲ್ಕನೆಯ ದಿನ ಬೆಳಿಗ್ಗೆ ಎಬ್ಬಿಸಿದರೆ ಹುಡುಗಿ ಏಳಲಿಲ್ಲ. ಏದುಸಿರು ಬಿಡುತ್ತಿದ್ದಳು, ಕರೆದರೆ ಕಣ್ಣು ಅರ್ಧ ತೆರೆದು ಮುಚ್ಚುತ್ತಿದ್ದಳು. ಓಣಿಯವರು ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಒಯ್ದರು. ಹಿಂದೆಯೇ ಅತ್ತೆಯೂ ನಾನೂ ಹೋದೆವು. ಮಡಕೆಯಲ್ಲಿದ್ದ ಎರಡು ಬಾಟಲಿಯನ್ನು ಅತ್ತೆ ಒದ್ದೆ ಟವೆಲಿನಲ್ಲಿ ಸುತ್ತಿ ಜೊತೆಗೆ ತಂದಿದ್ದಳು. ಅವಳ ತಲೆಗೆ ಆಗಲೇ ಏನೋ ಹೊಳೆದಿತ್ತು.

ಅವಳು ಮೂವತ್ತೊಂದು ವರ್ಷ ಗುಡಿಸಿ ಒರೆಸಿದ ಅದೇ ಕಾರಿಡಾರು. ಬೆಂಚು ಮುರಿದಿತ್ತು, ಜನ ನೆಲದ ಮೇಲೆ ಕೂತಿದ್ದರು. ಕೈಗವಸು ಕೂಡ ಹೊರಗಿನಿಂದ ತಂದುಕೊಡಿ ಎಂದು ನರ್ಸುಗಳು ಕೂಗುತ್ತಿದ್ದರು. ಎಳೆಯ ಡಾಕ್ಟರೊಬ್ಬರು ಹೊರಗೆ ಬಂದು ಬಾಟಲಿಗಳನ್ನು ತೆಗೆದುಕೊಂಡು ನೋಡಿದರು. “ಇನ್ಸುಲಿನ್ ತಗೊಂಡೂ ಹೀಗಾಗಿದೆ ಅಂದ್ರೆ ಇದ್ರಲ್ಲಿ ಶಕ್ತಿ ಇಲ್ಲ. ಇದು ಹೆಪ್ಪುಗಟ್ಟಿತ್ತಾ?” ಎಂದರು. ಒಂದನ್ನು ತಾವು ಇಟ್ಟುಕೊಂಡು, ಒಂದನ್ನು ವಾಪಸ್ ಕೊಟ್ಟು, “ಬೇಕಾದ್ರೆ ಹೇಳ್ತೀವಿ, ಇಟ್ಕೊಂಡಿರಿ,” ಎಂದು ಒಳಗೆ ಹೋದರು.

ಅತ್ತೆ ನನ್ನ ಕಡೆ ತಿರುಗಿದಳು. “ಕೇಳಿದ್ಯಾ?”

ಆ ಪ್ರಶ್ನೆಯನ್ನು ಮನೆಯ ಬಾಗಿಲಲ್ಲಿ ಕೇಳಿದ ದನಿಯಲ್ಲೇ ಕೇಳಿದಳು. ನಾನು ಮೆಟ್ಟಿಲಿಳಿದು ಓಡಿದೆ. ಹೆಡ್‌ಮಿಸ್ಸಿನ ಮನೆಯ ಹಿಂಬಾಗಿಲು ತಟ್ಟಿ ಅಡುಗೆಯವಳನ್ನು ಕರೆದು ಕೇಳಿದೆ.

“ಅಯ್ಯೋ, ಎಷ್ಟು ಜೋಪಾನ ಮಾಡಿದ್ದೆ ಗೊತ್ತಾ,” ಎಂದಳು ಅವಳು. “ಫ್ರಿಜ್ಜಿನ ಕೆಳಗಡೆ ಕರೆಂಟು ಹೋದ್ರೆ ಬಿಸಿಯಾಗಿಬಿಡುತ್ತಲ್ಲ. ಅದಕ್ಕೆ ಮೇಲೆ ಐಸ್ ಡಬ್ಬಿಯೊಳಗೆ ಇಟ್ಟಿದ್ದೆ. ಕಲ್ಲಿನ ಹಾಗಿತ್ತು. ನೀವು ಬರೋಕೆ ಮುಂಚೆ ಉಗುರುಬೆಚ್ಚಗಿನ ನೀರಲ್ಲಿಟ್ಟು ಕರಗಿಸಿ, ಒರೆಸಿ ಕೊಟ್ಟೆ. ಯಾರೋ ಬಡವ್ರ ಹುಡುಗಿಗೆ ಅಂತ ಅಮ್ಮಾವ್ರು ಹೇಳಿದ್ರು. ಹೇಗಿದ್ದಾಳೆ ಆ ಮಗು?”

“ಚೆನ್ನಾಗಿದ್ದಾಳೆ,” ಎಂದೆ. ಇನ್ನೇನು ಹೇಳಲಿ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು.

ಕಾರಿಡಾರಿಗೆ ಮರಳಿ ಅತ್ತೆಯ ಕಿವಿಯಲ್ಲಿ ಹೇಳಿದೆ. ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು, ಅಷ್ಟೇ. ಆ ಹೊತ್ತಿಗೆ ಕಾಜಾದವಳು ಒಳಗಿನಿಂದ ಬಂದಳು. ಡಾಕ್ಟರು ಅವಳಿಗೂ ಹೇಳಿದ್ದರು. ಅವಳು ಕೂಗಾಡಲಿಲ್ಲ, ಒಂದೊಂದೇ ಮಾತನ್ನು ಎಣಿಸಿ ಇಟ್ಟ ಹಾಗೆ ಕೇಳಿದಳು: “ಯಾಕಮ್ಮ ಕೆಟ್ಟಿದ್ದು ಕೊಟ್ರಿ? ನಾನೇ ಚುಚ್ಚಿದ್ನಲ್ಲ. ನನ್ನ ಕೈಯಾರೆ ಚುಚ್ಚಿದ್ನಲ್ಲ.”

ಅತ್ತೆ ಹೇಳಿದಳು: “ನಾನು ಕೇಳೋದು ಮರೆತೆ ಕಣಮ್ಮ. ವಯಸ್ಸಾಯ್ತು. ನಂದೇ ತಪ್ಪು.”

ನಾನು ಪಕ್ಕದಲ್ಲೇ ಇದ್ದೆ. ಅಲ್ಲ, ನಾನು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಸುತ್ತ ಓಣಿಯ ಏಳೆಂಟು ಜನ ನಿಂತು ಕೇಳಿಸಿಕೊಳ್ಳುತ್ತಿದ್ದರು, ಅತ್ತೆಯ ಹಳೆಯ ಜೊತೆಗಾರ್ತಿಯರಾದ ಇಬ್ಬರು ಆಯಾಗಳೂ ಇದ್ದರು. ಅವರಲ್ಲೊಬ್ಬಳು ಅತ್ತೆಯನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

ಮನೆಗೆ ಬಂದ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ನಿನ್ನ ಹೆಸರು ಹೇಳಿದ್ರೆ ಅವಳು ಶಾಲೆ ಮುಂದೆ ಬಂದು ನಿಂತ್ಕೋತಾಳೆ. ಹೆಡ್‌ಮಿಸ್ಸಿನ ಮನೆ ವಿಷಯ ಬೇರೆ. ನಿನ್ನ ಕೆಲಸ ಹೋಗುತ್ತೆ. ನನ್ನ ಪಿಂಚಣಿಲಿ ಇಬ್ರ ಹೊಟ್ಟೆ ತುಂಬುತ್ತಾ?” ಎಂದಳು. ಅದರಲ್ಲಿ ಪ್ರೀತಿಯ ಮಾತೇನೂ ಇರಲಿಲ್ಲ, ಲೆಕ್ಕದ ಮಾತು. ಆಮೇಲೆ ಐದು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಬೈಗುಳ ಕೊಟ್ಟು ಬದುಕಿದವಳು ನಾನು, ಆ ಮೌನದ ಎದುರು ಏನು ಮಾಡಬೇಕೆಂದು ತಿಳಿಯಲಿಲ್ಲ.

ಹುಡುಗಿ ಉಳಿದಳು. ಆರನೆಯ ದಿನ ಮನೆಗೆ ಕಳಿಸಿದರು. ಓಣಿಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು. ಅಮ್ಮನ ಹೊಲಿಗೆ ಸೂಜಿಗೆ ದಾರ ಪೋಣಿಸಿಕೊಡುವುದು ಅವಳಿಂದ ಮತ್ತೆ ಆಗಲೇ ಇಲ್ಲ, ಕಣ್ಣು ಅಷ್ಟು ಮಂಜಾಗಿತ್ತು. ನಮ್ಮ ಬಾಗಿಲಿಗೆ ಇಣುಕುವುದನ್ನೂ ಬಿಟ್ಟಳು.

ಬೀದಿಯೂ ಬಿಟ್ಟಿತು. ಮುಂದಿನ ಸಾವಾದ ಮನೆಗೆ ಅತ್ತೆ ಮೂರನೆಯ ದಿನ ಹೋದಾಗ, ಸತ್ತವರ ಮಗ ಬಾಗಿಲಲ್ಲೇ ತಡೆದು, “ಹದ್ದು ಈಗ ಜೀವ ಇರೋರಿಗೂ ಬಾಯಿ ಹಾಕುತ್ತೆ,” ಎಂದನಂತೆ. ಎದುರಿಗೇ. ಅವಳು ಚಪ್ಪಲಿ ಕೂಡ ಬಿಡದೆ ಹಿಂದಿರುಗಿದಳು. ಮಾತ್ರೆ ಬೇಕಾದವರು ಬರುತ್ತಿದ್ದರು, ಕೊಡುವವರು ಇರಲಿಲ್ಲ. ಹೃದಯದ ಕಾಯಿಲೆಯ ನಿವೃತ್ತ ಬಸ್ ಡ್ರೈವರೊಬ್ಬರು ಎರಡು ಸಲ ಬಂದು ಬರಿಗೈಲಿ ಹೋದರು. ಮೂರನೆಯ ಸಲ ಬರಲಿಲ್ಲ. ಅವರ ಮನೆಗೆ ಹೋಗಿ ಅಳುವ ಧೈರ್ಯ ಅತ್ತೆಗೆ ಬರಲಿಲ್ಲ.

ನನ್ನ ಕೆಲಸ ಉಳಿಯಿತು. ಉಳಿದವರಲ್ಲಿ ಇಬ್ಬರನ್ನು ತೆಗೆದರು. ಹೆಡ್‌ಮಿಸ್ಸು ನನ್ನನ್ನು ಕರೆದು, “ನಿಮ್ಮತ್ತೆ ಮಾಡ್ತಿರೋದು ದೊಡ್ಡ ಕೆಲಸ, ಅದಕ್ಕೇ ನಿಮ್ಮನ್ನ ಉಳಿಸ್ಕೊಂಡೆ,” ಎಂದರು. ಥ್ಯಾಂಕ್ಸ್ ಮೇಡಂ ಎಂದು ಹೇಳಿ ಬಂದು ಕುರ್ಚಿಯಲ್ಲಿ ಕೂತೆ.

ಅತ್ತೆಗೆ ಈಗ ಎಪ್ಪತ್ತೆರಡು. ಈಗಲೂ ಹೋಗುತ್ತಾಳೆ, ಹತ್ತು ಬಾಗಿಲಲ್ಲಿ ಎರಡು ತೆರೆಯುತ್ತವೆ. ಹುಡುಗಿಯೂ ಇದ್ದಾಳೆ. ಆ ತಿಂಗಳ ಬಾಟಲಿಗಳನ್ನು ನನ್ನ ಬಳೆ ಮಾರಿ ತಂದೆ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ತಿಂಗಳಾದ ಮೇಲೆ ಮತ್ತೆ ಅದೇ ಪಾಡು. ಇದನ್ನೆಲ್ಲ ಬರೆಯಲು ಕೂತದ್ದು ಅದಕ್ಕಲ್ಲ. ಬಳೆ ಮಾರುವ ಹಿಂದಿನ ದಿನ ನಡೆದದ್ದು ಒಂದಿದೆ, ಅದು ನನ್ನನ್ನು ಬಿಡುತ್ತಿಲ್ಲ.

ಆಸ್ಪತ್ರೆಯವರು ಹುಡುಗಿಯನ್ನು ಕಳಿಸುವಾಗ ಒಂದು ಬಾಟಲಿ ಕೊಟ್ಟಿದ್ದರು. ಅದು ಹತ್ತನೆಯ ದಿನಕ್ಕೆ ಬಂದಾಗ, ಸಂಜೆ, ಕಾಜಾದವಳು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಅತ್ತೆ ಒಳಗಿನ ಕೋಣೆಯಲ್ಲಿದ್ದಳು. ಅವಳ ದನಿ ಕೇಳಿದ್ದೇ ಮಂಚದ ಮೇಲೆ ಎದ್ದು ಕೂತದ್ದು ನನಗೆ ಕೇಳಿಸಿತು.

“ನಾಳೆಗೆ ಮುಗಿಯುತ್ತೆ,” ಎಂದಳು ಕಾಜಾದವಳು. “ಆಸ್ಪತ್ರೇಲಿ ಇಲ್ವಂತೆ. ಮೆಡಿಕಲ್ಲಲ್ಲಿ ಇದೆ, ಬೆಲೆ ಕೇಳಿ ಬಂದೆ. ಆ ಬಾಟ್ಲಿ ಒಂದು ಡಾಕ್ಟ್ರು ನಿಮಗೇ ವಾಪಸ್ ಕೊಟ್ರಲ್ಲ. ಅದನ್ನ ಕೊಡಿ.”

ನನಗೆ ಮೊದಲು ಅರ್ಥವೇ ಆಗಲಿಲ್ಲ.

“ಅದು ಕೆಟ್ಟಿದ್ದು. ಅದ್ರಿಂದಲೇ ಅಲ್ವಾ...” ಎಂದೆ. ಆಮೇಲೆ, ಇಷ್ಟು ದಿನ ಹೇಳದೆ ಇದ್ದದ್ದನ್ನು ಹೇಳಿದೆ. “ನಮ್ಮತ್ತೆ ತಪ್ಪಲ್ಲ ಅದು. ಅವತ್ತು ತಂದೋಳು ನಾನು. ಕೇಳದೆ ತಂದೆ, ಕೇಳಿದೆ ಅಂತ ಸುಳ್ಳು ಹೇಳಿದೆ. ಅತ್ತೆ ನನ್ನ ಹೆಸರು ಹೇಳ್ಲಿಲ್ಲ.”

ಅವಳು ನನ್ನ ಮುಖ ನೋಡಿದಳು. ಹೊಡೆಯಬಹುದು, ಉಗುಳಬಹುದು ಎಂದುಕೊಂಡೆ. ಹಾಗೆ ಮಾಡಲಿ ಎಂದೂ ಅನಿಸಿತು.

“ಆಯ್ತು,” ಎಂದಳು. “ಯಾರು ಕೇಳ್ಲಿಲ್ಲ ಅಂತ ತಿಳ್ಕೊಂಡು ನನಗೇನಾಗ್ಬೇಕಕ್ಕಾ? ಬಾಟ್ಲಿ ಕೊಡಿ. ಎರಡರಷ್ಟು ಚುಚ್ಚಿದ್ರೆ ಸ್ವಲ್ಪ ಆದ್ರೂ ಹಿಡಿಯಲ್ವಾ? ಅವತ್ತು ಮೂರು ದಿನ ತಡೀತಲ್ಲ. ಏನೂ ಇಲ್ದಿದ್ರೆ ಮೂರು ದಿನ ತಡೀತಿತ್ತಾ? ಅಷ್ಟರಲ್ಲಿ ನಾನು ಏನಾದ್ರೂ ಮಾಡ್ತೀನಿ.”

ಅವಳು ಇದನ್ನು ರಾತ್ರಿಯೆಲ್ಲ ಯೋಚಿಸಿ ಬಂದಿದ್ದಳು. ಅದರಲ್ಲಿ ತಪ್ಪು ಎಲ್ಲಿದೆ ಎಂದು ಹೇಳಲು ನನ್ನ ಹತ್ತಿರ ಓದು ಸಾಲದು. ನಾಳೆ ಏನಾದರೂ ಮಾಡೋಣ, ನಾನು ನೋಡುತ್ತೇನೆ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ, ನನ್ನ ಭರವಸೆಯನ್ನು ಅವಳು ನಂಬಲು ಕಾರಣವೂ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದಳು. ಡಾಕ್ಟರು ಕೇಳಿದರೆ ಬೇಕು ಎಂದು ಆ ಬಾಟಲಿಯನ್ನು ಮಡಕೆಯಲ್ಲೇ ಇಟ್ಟಿದ್ದೆವು, ಮಡಕೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ನಾನು ಅವಳಿಗಿಂತ ಮೊದಲು ಮಡಕೆಗೆ ಕೈ ಹಾಕಿ ಬಾಟಲಿ ತೆಗೆದೆ. ಅಡುಗೆ ಚಾಕುವಿನಿಂದ ಮುಚ್ಚಳ ಕಿತ್ತು ಬಚ್ಚಲಿಗೆ ಸುರಿದೆ. ಅವಳು ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು, ಕೊನೆಯ ಒಂದಿಷ್ಟು ಅವಳ ಅಂಗೈ ಮೇಲೆ ಬಿತ್ತು. ಮಗಳು ಪ್ರಜ್ಞೆ ತಪ್ಪಿ ಮಲಗಿದ್ದಾಗ ಆ ಕಾರಿಡಾರಿನಲ್ಲಿ ಒಂದು ಹನಿ ಕಣ್ಣೀರು ಹಾಕದವಳು, ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿ ಕೂತು ಗಟ್ಟಿಯಾಗಿ ಅತ್ತಳು.

ಅತ್ತೆ ಒಳಗಿನಿಂದ ಎದ್ದು ಬಂದು ಅವಳ ಪಕ್ಕದಲ್ಲಿ ಕೂತಳು. ಕಾಜಾದವಳು ಆ ಒದ್ದೆ ಅಂಗೈಯನ್ನು ಚಾಚಿಯೇ ಇದ್ದಳು, ಒರೆಸಿಕೊಳ್ಳಲಿಲ್ಲ.

“ಏನೂ ಇಲ್ಲ ಅನ್ನೋದಕ್ಕಿಂತ ಅದಾದ್ರೂ ಇತ್ತಲ್ಲಮ್ಮಾ,” ಎಂದು ಅತ್ತೆಗೆ ಹೇಳಿದಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು, ನನ್ನನ್ನು ನೋಡದೆ, “ಹೌದು ಕಣಮ್ಮ,” ಎಂದಳು.